ತೆಳು ಪದರದ ನಾತ

ಜನವರಿ 11

ಚೂಟಿಗೆ,

ಕ್ಷೇಮಸಮಾಚಾರದಿಂದಲೇ ಶುರುಮಾಡಬೇಕೆಂದಿದ್ದೆ. ಆದರೆ ಪೆನ್ನು ಹಿಡಿದ ಬೆರಳುಗಳೇ ಗಬ್ಬು ನಾರುತ್ತಿರುವಾಗ ಕ್ಷೇಮ ಎಂದು ಬರೆದರೆ ಆ ಪದಕ್ಕೇ ಹೇಸಿಗೆಯಾದೀತು. ಫೋನಿನಲ್ಲಿ ಹೇಳೋಣವೆಂದರೆ ನಾವಿಬ್ಬರೂ ಜಗಳವಿಲ್ಲದೆ ಮಾತು ಮುಗಿಸಿದ್ದೇ ಇಲ್ಲ. ನೀನು ಪಟ್ಟನೆ ಕಟ್ ಮಾಡುತ್ತೀಯ, ನಾನು ಅಮ್ಮನಿಗೆ ದೂರು ಹೇಳುತ್ತೇನೆ. ಅದಕ್ಕೇ ನೀನು ಹೇಳಿದ ಹಾಗೆ, ಯಂತ್ರದ ವಿಷಯ ಏನಿದ್ದರೂ ಇನ್ನು ಕಾಗದದಲ್ಲೇ.

ನಿಮ್ಮ ಲ್ಯಾಬಿನಲ್ಲಿ ನೀನು ರೂಪಿಸಿದ ಯಂತ್ರ ನಮ್ಮ ಗಾಜಿನ ಬಾಟಲಿ ಕಾರ್ಖಾನೆಯ ಮೊದಲನೇ ಚಿಮಣಿಯ ಪಕ್ಕದಲ್ಲಿ ಬೀಗರ ಹಾಗೆ ಬಂದು ಕೂತಿದೆ. ಅದರ ಉಪಚಾರಕ್ಕೆ ನಾನೇ ಇಂಜಿನಿಯರ್. ಅದರೊಳಗಿನ ಸಣ್ಣ ರಂಧ್ರಗಳ ಪೊರೆಯ ಒಂದು ಕಡೆ ಕುಲುಮೆಯ ಹೊಗೆ, ಇನ್ನೊಂದು ಕಡೆ ಹೊಗೆಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವ ನಿನ್ನ ದ್ರಾವಕ. ಅಲ್ಲಿಯವರೆಗೆ ಎಲ್ಲ ಸರಿ. ಮೊದಲು ದ್ರಾವಕದ ಪದರ ಒಂದು ಮಿಲಿಮೀಟರ್ ದಪ್ಪ ಇತ್ತು. ಪದರದ ದಪ್ಪ ನಿರ್ಧರಿಸುವ, ನೀನು ಕಳಿಸಿದ ಹೊಸ ಜಾಲರಿ ಹಾಕಿದ ಮೇಲೆ ಕಾಲು ಮಿಲಿಮೀಟರಿಗೆ ಇಳಿದಿದೆ. ಅವತ್ತಿನಿಂದ ನಾತ.

ಯಾವ ನಾತ ಎಂದು ಕೇಳು. ಬೇಸಿಗೆಯಲ್ಲಿ ಮುಚ್ಚಿಟ್ಟು ಮರೆತ ಮೀನಿನ ಡಬ್ಬ. ಅದರ ಮೇಲೆ ಬಸ್‌ಸ್ಟ್ಯಾಂಡಿನ ಮೂತ್ರಾಲಯ ತೊಳೆದ ನೀರು. ಎರಡನ್ನೂ ಒದ್ದೆ ಕಂಬಳಿಯಲ್ಲಿ ಸುತ್ತಿ, ಆ ಕಂಬಳಿಯನ್ನು ನನ್ನ ತಲೆಗೆ ಮುಸುಕು ಹಾಕಿದ್ದಾರೆ ಅಂದುಕೋ. ಗಂಟಲಿಗೆ ಇಳಿದರೆ ನಾಲಿಗೆಯ ಬುಡದಲ್ಲಿ ತಾಮ್ರದ ಕಾಸು ಇಟ್ಟ ಹಾಗೆ ಕೂರುತ್ತದೆ. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದರೂ ಕೂದಲ ಬುಡದಿಂದ ಮತ್ತೆ ಏಳುತ್ತದೆ. ಊಟದ ತಟ್ಟೆ ಕಂಡರೆ ವಾಕರಿಕೆ.

ದ್ರಾವಕದ ಆವಿ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್ ಇನ್ನೂ ಬಂದಿಲ್ಲ. ಕೇಳಿದರೆ ನಮ್ಮ ಮ್ಯಾನೇಜರು ಹಲ್ಲು ಕಿರಿದು, "ಮೀಟರ್ ಯಾಕೆ ಮೇಡಂ, ನಿಮ್ಮ ಮೂಗಿದೆಯಲ್ಲ?" ಎನ್ನುತ್ತಾರೆ. ತಮಾಷೆ ಎಂದುಕೊಂಡಿದ್ದೆ. ಅಲ್ಲ. ದಿನವೂ ಪಾಳಿ ಮುಗಿಯುವಾಗ ನಾನು ಯಂತ್ರದ ಹೊರಬಾಯಿಗೆ ಮೂಗೊಡ್ಡಿ 'ಇದೆ' ಅಥವಾ 'ಇಲ್ಲ' ಎಂದು ಹೇಳಬೇಕಂತೆ, ಅದೇ ವರದಿಯಂತೆ. ಎರಡು ಮನೆ ಆಚೆ ಸಿಲಿಂಡರ್ ಸೋರಿದ್ದನ್ನು ಕಂಡುಹಿಡಿದ ಮೂಗಿಗೆ ಕೊನೆಗೂ ನೌಕರಿ ಸಿಕ್ಕಿತು. ಇವತ್ತಿನ ವರದಿ: ಇದೆ. ಬೇಕಾದಷ್ಟಿದೆ.

ಅಕ್ಕ

ಜನವರಿ 24

ನಾಯಿಮೂಗಿನ ಅಕ್ಕನಿಗೆ,

ನಿನ್ನ ಕಾಗದ ಓದಿ ನಾನೂ ನನ್ನ ರೂಮ್‌ಮೇಟೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೂತ್ರಾಲಯದ ನೀರಂತೆ, ಕಂಬಳಿಯಂತೆ! ಚಿಕ್ಕವಳಿದ್ದಾಗ ನನ್ನ ಸಾಕ್ಸ್ ವಾಸನೆಗೆ ಮಾರ್ಚುರಿ ಎಂದು ಹೆಸರಿಟ್ಟವಳು ನೀನು. ಆ ಲೆಕ್ಕದಲ್ಲಿ ಇದನ್ನೂ ಹತ್ತರಿಂದ ಭಾಗಿಸಿಕೊಂಡೆ, ಸಿಟ್ಟಾಗಬೇಡ.

ಪದರ ಯಾಕೆ ತೆಳುವಾಗಬೇಕು ಎಂದು ನಿಮ್ಮ ಮ್ಯಾನೇಜರು ಕೇಳಿದರೆ ಹೀಗೆ ಹೇಳು. ಬಸ್ಸು ಹತ್ತಿದವರೆಲ್ಲ ಬಾಗಿಲ ಬಳಿಯೇ ನಿಂತುಬಿಡುತ್ತಾರೆ, ಹಿಂದಿನ ಸೀಟುಗಳು ಖಾಲಿ. ಕಂಡಕ್ಟರ್ "ಒಳಗೆ ನಡೀರಿ" ಎಂದು ಅರಚಿಕೊಂಡರೂ ಅಲ್ಲಾಡುವುದಿಲ್ಲ. ದಪ್ಪ ಪದರವೆಂದರೆ ಆ ಬಸ್ಸು. ಅನಿಲ ಪೊರೆ ದಾಟಿ ಬಂದು ಅಲ್ಲೇ ಪಕ್ಕದ ದ್ರಾವಕದಲ್ಲಿ ಕರಗುತ್ತದೆ. ಆಚೆಯ ದ್ರಾವಕ ಕೆಲಸವಿಲ್ಲದೆ ಸುಮ್ಮನೆ ಹರಿದು ಹೋಗುತ್ತದೆ, ಅದನ್ನು ಪಂಪ್ ಮಾಡುವುದೂ ಕಾಯಿಸುವುದೂ ದಂಡ. ತೆಳ್ಳಗೆ ಮಾಡಿದರೆ ಬಾಗಿಲೂ ಅದೇ, ಹಿಂದಿನ ಸೀಟೂ ಅದೇ. ನಿನ್ನ ಯಂತ್ರ ಈಗ ಹಿಡಿಯುತ್ತಿರುವ ಅನಿಲದ ಅಂಕಿ ನೋಡಿ ನಮ್ಮ ಪ್ರೊಫೆಸರ್ ಕುರ್ಚಿಯಿಂದ ಎದ್ದು ನಿಂತರು. ಅವರು ಎದ್ದು ನಿಲ್ಲುವುದು ಊಟದ ಹೊತ್ತಿಗೆ ಮಾತ್ರ.

ಅಕ್ಕ, ನಿನಗೆ ಗೊತ್ತಲ್ಲ, ನನ್ನ ಕೆಲಸ ಕಾಯಂ ಆಗುವುದು ಈ ತೆಳು ಪದರ ನಿಜವಾದ ಚಿಮಣಿಯಲ್ಲಿ ನಿಲ್ಲುತ್ತದೋ ಇಲ್ಲವೋ ಎನ್ನುವುದರ ಮೇಲೆ. ಇನ್ನೊಂದು ತಿಂಗಳು ಮೂಗು ಮುಚ್ಚಿಕೋ. ಅಂದಹಾಗೆ, ನಿಮ್ಮ ಹೊಗೆ ತಣ್ಣಗಾಗಿಯೇ ಯಂತ್ರಕ್ಕೆ ಬರುತ್ತದೆ ಅಲ್ಲವೆ?

ಚೂಟಿ

ಫೆಬ್ರವರಿ 6

ಚೂಟಿಗೆ,

ನಗು, ನಗು. ಇಲ್ಲಿ ನನ್ನ ಕರುಳು ಬಾಯಿಗೆ ಬರುತ್ತಿದೆ, ನಿಮಗೆ ಅಲ್ಲಿ ನಗೆಹಬ್ಬ.

ಹೊಗೆ ತಣ್ಣಗಾಗಿ ಬರುತ್ತದೆಯೇ ಎಂದು ಕೇಳಿದ್ದೀಯ. ಇದು ಕುಲುಮೆ ಕಣೇ, ಫ್ರಿಜ್ಜಲ್ಲ. ತಣಿಸುವ ಪೆಟ್ಟಿಗೆಗೆ ಮಸಿ ಕಟ್ಟಿಕೊಂಡು ಅದರ ಫ್ಯಾನು ಹೆಸರಿಗೆ ಮಾತ್ರ ತಿರುಗುತ್ತದೆ. ಹೊಗೆ ಅರವತ್ತು ಡಿಗ್ರಿಯಲ್ಲೇ ಬರುತ್ತದೆ. ಮೊನ್ನೆ ಯಂತ್ರ ಬಿಚ್ಚಿ ನೋಡಿದೆ. ಪೊರೆಯ ಅಂಚಿನಲ್ಲಿ ದ್ರಾವಕ ಒಣಗಿ ಹಳದಿ ಗಂಜಿಯ ಹಾಗೆ ಅಂಟಿಕೊಂಡಿದೆ. ಕೈಗವಸಿನಲ್ಲಿ ಕೆರೆದರೆ ಗಾಯದ ಹಕ್ಕಳೆ ಎದ್ದ ಹಾಗೆ ಏಳುತ್ತದೆ. ಅಷ್ಟು ತೆಳುವಾದ ದ್ರವ ಅಷ್ಟು ಬಿಸಿ ತಿಂದರೆ ಆವಿಯಾಗಿ ಪೊರೆಯ ರಂಧ್ರದಿಂದ ವಾಪಸು ಹೊಗೆಗೇ ಹೋಗುತ್ತದೆ ಎಂದು ನನಗನ್ನಿಸುತ್ತದೆ. ಹೊಗೆಯಿಂದ ಒಂದು ಕೊಳಕು ತೆಗೆದು ಇನ್ನೊಂದು ಕೊಳಕು ಸೇರಿಸುತ್ತಿದ್ದೇವೆ.

ಮ್ಯಾನೇಜರು ತಮ್ಮ ಕೋಣೆಗೆ ಮಲ್ಲಿಗೆಯ ಸ್ಪ್ರೇ ತರಿಸಿಕೊಂಡಿದ್ದಾರೆ. ಮಲ್ಲಿಗೆ ಮತ್ತು ಕೊಳೆತ ಮೀನು ಸೇರಿದರೆ ಹೇಗಿರುತ್ತದೆ ಗೊತ್ತೆ? ಹೆಣಕ್ಕೆ ಸೆಂಟು ಪೂಸಿದ ಹಾಗೆ. ಆ ಕೋಣೆಯಲ್ಲಿ ಕೂತು ನನಗೆ, "ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಕ್ಲೀನ್ ಇಟ್ಕೊಳ್ಳಿ ಮೇಡಂ" ಎಂದು ಬುದ್ಧಿ ಹೇಳುತ್ತಾರೆ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವ ಜಾತಿ. ಅವರ ಮುಖ ಕಂಡರೇ ಅಸಹ್ಯ.

ದಪ್ಪ ಜಾಲರಿಯನ್ನೇ ವಾಪಸು ಹಾಕಿಸಬೇಕು ಎಂದು ಬರೆಯಲು ಕೂತೆ. ಆಮೇಲೆ ನಿನ್ನ ಕಾಯಂ ಕೆಲಸ ನೆನಪಾಯಿತು. ಒಂದು ತಿಂಗಳು ಅಂದಿದ್ದೀಯ. ಒಂದೇ ತಿಂಗಳು.

ಅಕ್ಕ

ಫೆಬ್ರವರಿ 20

ಅಕ್ಕ,

ನೀನು ಚಿನ್ನ. ಪಂಪಿನ ವೇಗ ಹೆಚ್ಚಿಸು, ದ್ರಾವಕ ಪೊರೆಯ ಪಕ್ಕದಲ್ಲಿ ಹೆಚ್ಚು ಹೊತ್ತು ನಿಲ್ಲದಿದ್ದರೆ ಒಣಗುವುದೂ ಇಲ್ಲ, ನಾತವೂ ಇಲ್ಲ. ಬಿಸಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಇಲ್ಲಿ ಕೆಲಸ ತಲೆಯ ಮೇಲೆ ಬಿದ್ದಿದೆ, ಇಷ್ಟೇ ಬರೆಯುತ್ತಿದ್ದೇನೆ.

ಚೂಟಿ

ಏಪ್ರಿಲ್ 2

ಚೂಟಿಗೆ,

ಬಾಯಿ ಸಿಹಿ ಮಾಡಿಕೋ, ಗೆದ್ದೆ ನೀನು. ಪಂಪಿನ ವೇಗ ಹೆಚ್ಚಿಸಿದ ಮೇಲೆ ನಾತ ದಿನದಿಂದ ದಿನಕ್ಕೆ ಇಳಿಯುತ್ತ ಬಂತು. ಹೋದ ವಾರದಿಂದ ಹೊರಬಾಯಿಗೆ ಮೂಗು ತಗುಲಿಸಿ ನಿಂತರೂ ಏನೇನೂ ಇಲ್ಲ. ಸಂಪೂರ್ಣ ಹೋಗಿದೆ. ಮ್ಯಾನೇಜರಿಗೆ 'ಇಲ್ಲ' ಎಂದು ಹೇಳುವಾಗ ನನಗೇ ನಂಬಿಕೆಯಾಗಲಿಲ್ಲ. ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಸಾಕ್ಸ್‌ಗೆ ಬೈದದ್ದನ್ನು ಮಾತ್ರ ಇಲ್ಲ.

ಆಗಾಗ ಮೂಗಿನಿಂದ ಸ್ವಲ್ಪ ರಕ್ತ ಬರುತ್ತಿತ್ತು, ಅದೂ ನಿಂತಿದೆ. ನಿನಗೆ ಹೇಳಿರಲಿಲ್ಲ, ಸುಮ್ಮನೆ ಗಾಬರಿಯಾಗುತ್ತೀಯ ಎಂದು.

ಈಗ ನನ್ನ ಅಸಹ್ಯವೆಲ್ಲ ಮನೆಯವರ ಮೇಲೆ. ನಿನ್ನ ಭಾವ ದಿಂಬು ಎತ್ತಿಕೊಂಡು ಹಾಲಿಗೆ ಹೋಗಿ ಮಲಗುತ್ತಾರೆ. ನಾನು ಗೊರಕೆ ಹೊಡೆಯುತ್ತೇನಂತೆ. ನಾನು! ಮಗಳು ಶಾಲೆಯಿಂದ ಬಂದರೆ ಓಡಿ ಬಂದು ತಬ್ಬಿಕೊಳ್ಳುತ್ತಿದ್ದವಳು ಈಗ ದೂರದಿಂದಲೇ ಕೈ ಬೀಸಿ ಕೋಣೆಗೆ ಹೋಗುತ್ತಾಳೆ. ಹನ್ನೊಂದು ವರ್ಷಕ್ಕೇ ಇಷ್ಟು ಬಿಂಕ ಆದರೆ ಮುಂದೆ ಹೇಗೋ. ಚಹಾಪುಡಿಯವನು ಬೇರೆ ಮರದ ಹೊಟ್ಟು ಬೆರೆಸಿ ಮಾರುತ್ತಾನೆ, ಕುಡಿದರೆ ಬಿಸಿನೀರು ಕುಡಿದ ಹಾಗೆ. ಅಂಗಡಿಯಲ್ಲಿ ನಿಂತು ಚೆನ್ನಾಗಿ ಉಗಿದು ಬಂದೆ.

ಅಕ್ಕ

ಏಪ್ರಿಲ್ 15

ನನ್ನ ಬಂಗಾರದ ಅಕ್ಕ,

ನಿನ್ನ ಕಾಗದ ಹಿಡಿದು ಕಾರಿಡಾರಿನಲ್ಲಿ ಕುಣಿದೆ. ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ, ಬೈಯಬೇಡ. ನಿನ್ನ ಸಾಲನ್ನು ಹಾಗೇ ಎತ್ತಿ ಸಭೆಯಲ್ಲಿ ತೋರಿಸಿದೆ: "ಹೊರಬಾಯಿಗೆ ಮೂಗು ತಗುಲಿಸಿ ನಿಂತರೂ ಏನೇನೂ ಇಲ್ಲ." ಕಾರ್ಖಾನೆಯ ಇಂಜಿನಿಯರ್ ಹೇಳಿದ್ದು ಎಂದೆ, ಅಕ್ಕ ಎನ್ನಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಮ್ಮ ಕಂಪನಿಯವರು ಅಲ್ಲೇ ನಾಲ್ಕೂ ಚಿಮಣಿಗೆ ತೆಳು ಜಾಲರಿ ಹಾಕಿಸುತ್ತೇವೆ ಎಂದರು. ಪ್ರೊಫೆಸರ್ ನನ್ನ ಬೆನ್ನು ತಟ್ಟಿ, "ಇನ್ನು ನೀನು ನಮ್ಮೋಳು ಕಣಮ್ಮ" ಅಂದರು.

ಚಹಾಪುಡಿ ನಾನು ಕಳಿಸುತ್ತೇನೆ. ಭಾವನ ಗೊರಕೆ ಕಥೆ ನಂಬಬೇಡ, ಅವರು ಹಾಲಿನಲ್ಲಿ ಕ್ರಿಕೆಟ್ ನೋಡುತ್ತಿರುತ್ತಾರೆ.

ಚೂಟಿ

ಜೂನ್ 3

ಚೂಟಿಗೆ,

ನೀನು ಕಳಿಸಿದ ಚಹಾಪುಡಿಯೂ ಬರೀ ಮರದ ಹೊಟ್ಟು. ನಿಮ್ಮ ಊರಿನಲ್ಲೂ ಅದೇ ಕಳ್ಳರು ಎಂದಾಯಿತು.

ಇಲ್ಲಿ ಹೊಸ ತಲೆನೋವು. ಆರ್ಡರ್ ಮಾಡಿದ ಮೀಟರ್ ಕೊನೆಗೂ ಬಂತು. ಸ್ವಿಚ್ ಹಾಕಿ ಹೊರಬಾಯಿಯ ಹತ್ತಿರ ಹಿಡಿದರೆ ಹಂದಿ ಕೊಯ್ದ ಹಾಗೆ ಕಿರುಚತೊಡಗಿತು. ನಾನು ಅಲ್ಲೇ ನಿಂತಿದ್ದೇನೆ, ಗಾಳಿ ಶುದ್ಧವಾಗಿದೆ! ಕೆಟ್ಟ ಮೀಟರ್ ಎಂದು ವಾಪಸು ಕಳಿಸಿದೆ. ಬದಲಿಗೆ ಇನ್ನೊಂದು ಕೊಟ್ಟರು. ಅದೂ ಹಾಗೇ ಕಿರುಚಿತು. ಈ ಕಂಪನಿಗಳಿಗೆ ಮಾನ ಮರ್ಯಾದೆ ಒಂದೂ ಇಲ್ಲ. ಮ್ಯಾನೇಜರು ಮಾತ್ರ ಖುಷಿಯಾಗಿ, "ಬಿಡಿ ಮೇಡಂ, ನಿಮ್ಮ ಮೂಗಿಗಿಂತ ಮೀಟರ್ ಬೇಕಾ?" ಅಂದರು.

ಇದು ಸಾಲದು ಎಂದು ಗುಡಿಸುವ ಹೆಂಗಸು, ಯಂತ್ರದ ಸುತ್ತ ಗುಡಿಸುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. "ಅಲ್ಲಿ ನಿಂತ್ರೆ ಕಣ್ಣುರಿ ಬರುತ್ತಕ್ಕ, ಹೊಟ್ಟೆ ತೊಳಸುತ್ತೆ" ಎನ್ನುತ್ತಾಳೆ. ನಾನು ದಿನವಿಡೀ ಅಲ್ಲೇ ಇರುವವಳು, ನನಗೆ ಇಲ್ಲದ ನಾತ ಅವಳಿಗೆ ಎಲ್ಲಿಂದ ಬಂತು? ಕೆಲಸಗಳ್ಳತನಕ್ಕೆ ನಾಟಕ ಎಂದು ಎಲ್ಲರೆದುರು ಬೈದೆ. ಸಂಜೆ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ಆದರೂ ಸುಳ್ಳು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಎರಡನೇ ಚಿಮಣಿ ನಮ್ಮ ಕ್ವಾರ್ಟರ್ಸಿನ ಹಿಂದೆಯೇ ಇದೆಯಲ್ಲ, ಅಲ್ಲಿ ಯಂತ್ರಕ್ಕೆ ಕಟ್ಟೆ ಕಟ್ಟುತ್ತಿದ್ದಾರೆ.

ಅಕ್ಕ

ಜೂನ್ 12

ಅಕ್ಕ,

ಎರಡು ಮೀಟರೂ ಕೆಟ್ಟಿರುವುದು ಸ್ವಲ್ಪ ವಿಚಿತ್ರ. ಆದರೆ ಆಗುತ್ತದೆ. ಆ ಮೀಟರಿನೊಳಗಿನ ಸೆನ್ಸರಿಗೆ ಅರವತ್ತು ಡಿಗ್ರಿಯ ಬಿಸಿ ತಡೆಯುವುದಿಲ್ಲ, ತಪ್ಪು ತೋರಿಸುತ್ತದೆ. ನಾನಂತೂ ನಿನ್ನ ಮೂಗನ್ನೇ ನಂಬುತ್ತೇನೆ. ಎಲ್ಲರಿಗೂ ಹಾಗೇ ಹೇಳಿದ್ದೇನೆ.

ನೀನು ಆರೋಗ್ಯವಾಗಿದ್ದೀಯ ತಾನೆ?

ಚೂಟಿ

ಜುಲೈ 1

ಚೂಟಿಗೆ,

ಭಾನುವಾರ ಬೆಳಿಗ್ಗೆ, ರಾತ್ರಿ ಕಾಯಿಸಿಟ್ಟಿದ್ದ ಹಾಲಿಗೆ ಸಕ್ಕರೆ ಹಾಕಿ ಮಗಳಿಗೂ ಕೊಟ್ಟು ನಾನೂ ಒಂದು ಲೋಟ ಕುಡಿದೆ. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ಸಿಂಕಿಗೆ ಓಡಿ ಕಾರಿಕೊಂಡಳು. "ಅಮ್ಮಾ, ಹಾಲು ಕೆಟ್ಟು ನಾರ್ತಿದೆ, ನಿಂಗೆ ಗೊತ್ತಾಗಲ್ವಾ?" ಎಂದು ಅತ್ತಳು. ನನ್ನ ಲೋಟ ಖಾಲಿಯಾಗಿತ್ತು. ಇನ್ನೊಂದು ಸಲ ಪಾತ್ರೆಯನ್ನು ಮೂಸಿದೆ. ಏನೂ ಇಲ್ಲ.

ನಿನ್ನ ಭಾವ ಬಾಗಿಲಲ್ಲಿ ನಿಂತಿದ್ದರು. "ಗೊರಕೆ ಅಲ್ಲ ಕಣೇ" ಅಂದರು. "ನಿನ್ನ ಕೂದಲಿನ ವಾಸನೆಗೆ ನಂಗೆ ನಿದ್ದೆ ಬರ್ತಿರಲಿಲ್ಲ. ಹೇಗೆ ಹೇಳಲಿ ನಿಂಗೆ? ನಾಯಿಮೂಗು ಅಂತ ಮೆರೆಯೋಳಿಗೆ ನಿಂಗೇ ನಾತ ಅಂತ ಹೇಗೆ ಹೇಳಲಿ?" ಮಗಳಿಗೂ ಬಾಯಿ ಮುಚ್ಚಿಕೊಂಡಿರಲು ಅವರೇ ಹೇಳಿದ್ದರಂತೆ. ಮನೆಯವರೆಲ್ಲ ಸೇರಿ ಮೂಗಿಗೆ ತುಪ್ಪ ಸವರಿದ್ದಾರೆ, ತುಪ್ಪದ ವಾಸನೆಯೂ ನನಗೆ ಬರಲಿಲ್ಲ.

ಆ ಕ್ಷಣವೇ ಕಾರ್ಖಾನೆಗೆ ಹೋದೆ. ದ್ರಾವಕದ ಡ್ರಮ್ಮಿನ ಮುಚ್ಚಳ ತೆಗೆದು ಮುಖ ಒಡ್ಡಿದೆ. ಕಣ್ಣಿನಿಂದ ನೀರು ಸುರಿಯಿತು, ಮೂಗಿಗೆ ಮಾತ್ರ ಅದು ಬರೀ ನೀರು. ಜನವರಿಯಲ್ಲಿ ಆ ಡ್ರಮ್ಮಿನ ಹತ್ತು ಅಡಿ ದೂರ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ನಾತ ಹೋಗಿರಲಿಲ್ಲ ಚೂಟಿ. ಹೋದದ್ದು ನನ್ನ ಮೂಗು.

ಎರಡು ಮೀಟರೂ ಸರಿಯಾಗಿದ್ದವು. ಗುಡಿಸುವ ಹೆಂಗಸು ಸರಿಯಾಗಿದ್ದಳು. ಅವಳ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಮ್ಯಾನೇಜರಿಗೆ ಹೇಳಿದರೆ, "ನೆಗಡಿ ಇರಬೇಕು ಮೇಡಂ, ನಿಮ್ಮದೇ ವರದಿ ಇದೆಯಲ್ಲ, ಮೂರು ತಿಂಗಳಿಂದ ಎಲ್ಲಾ 'ಇಲ್ಲ' ಅಂತ" ಅಂದರು. ಇಷ್ಟು ದಿನ ಅವರಿಗೂ ಆ ನಾತ ಬರುತ್ತಿತ್ತು! ಮಲ್ಲಿಗೆಯ ಸ್ಪ್ರೇ ಮತ್ತೆ ಯಾಕೆ ತರಿಸುತ್ತಿದ್ದರು? ಮೂಗಿದ್ದೂ ಇಲ್ಲದವನ ಹಾಗಿರುವವನನ್ನು ಏನೆಂದು ಕರೆಯಲಿ? ಥೂ.

ಈಗ ನಿನ್ನ ಸರದಿ. ಅರವತ್ತು ಡಿಗ್ರಿ ಸೆನ್ಸರಿಗೆ ತಡೆಯುವುದಿಲ್ಲ ಎಂದು ಬರೆದಿದ್ದೀಯ. ಲೋಹದ ಸೆನ್ಸರಿಗೆ ತಡೆಯದ ಬಿಸಿಯನ್ನು ಕಾಲು ಮಿಲಿಮೀಟರಿನ ದ್ರವ ತಡೆಯುತ್ತದೆಯೇ? ನಿನ್ನ ಲೆಕ್ಕದಲ್ಲಿ ಹೊಗೆ ಎಷ್ಟು ಬಿಸಿ ಇತ್ತು? ಒಂದೇ ಅಂಕಿ ಬರೆದು ಕಳಿಸು, ಬಂಗಾರ ಚಿನ್ನ ಏನೂ ಬೇಡ.

ಅಕ್ಕ

ಜುಲೈ 28

ಚೂಟಿ, ನಿನ್ನ ಉತ್ತರ ಬರಲಿಲ್ಲ. ಎರಡನೇ ಚಿಮಣಿಗೆ ತೆಳು ಜಾಲರಿ ಬಂದು ಇಳಿದಿದೆ. ಕ್ವಾರ್ಟರ್ಸಿನ ಮಕ್ಕಳು ಆ ಚಿಮಣಿಯ ಪಕ್ಕದ ಅಂಗಳದಲ್ಲೇ ಆಡುತ್ತವೆ. ನನ್ನ ಮಗಳೂ.

ಆಗಸ್ಟ್ 19

ಅಕ್ಕ,

ಇಪ್ಪತ್ತೈದು.

ಈ ಅಂಕಿಯನ್ನು ಬರೆದು ಬರೆದು ಹರಿದೆ, ಅದಕ್ಕೇ ತಡ. ಲೆಕ್ಕದಲ್ಲಿ ಇದ್ದದ್ದು ಕೋಣೆಯ ಬಿಸಿ, ಸಿಲಿಂಡರಿನ ಶುದ್ಧ ಅನಿಲ. ಜನವರಿಯಲ್ಲಿ ನಾನು ಹೊಗೆ ತಣ್ಣಗಿದೆಯೇ ಎಂದು ಕೇಳಿದಾಗ ನನಗೆ ಬೇಕಿದ್ದದ್ದು 'ಹೌದು' ಎಂಬ ಒಂದು ಉತ್ತರ. ನೀನು ಅರವತ್ತು ಎಂದು ಬರೆದೆ. ಅವತ್ತೇ ಅರವತ್ತು ಹಾಕಿ ಮತ್ತೆ ಲೆಕ್ಕ ಮಾಡಿದೆ. ಪದರ ಅಂಚಿನಲ್ಲಿ ಒಣಗಿತು, ಆವಿ ಹೊರಗೆ ಬಂತು. ನೀನು ಕೈಗವಸಿನಲ್ಲಿ ಕೆರೆದದ್ದೇ ನನ್ನ ಪರದೆಯ ಮೇಲಿತ್ತು. ಆದರೆ ಏಪ್ರಿಲ್‌ನಲ್ಲಿ ನಿನ್ನ ಕಾಗದ ಬಂತು, ಏನೇನೂ ಇಲ್ಲ ಎಂದು. ನನ್ನ ಲೆಕ್ಕ ತಪ್ಪು, ಅಕ್ಕನ ಮೂಗು ಸರಿ ಎಂದು ಕುಣಿದೆ. ಅಷ್ಟು ಸುಲಭವಾಗಿ ನನ್ನ ಲೆಕ್ಕವನ್ನು ನಾನು ಯಾವತ್ತೂ ತಪ್ಪು ಎಂದು ಒಪ್ಪಿಕೊಂಡವಳಲ್ಲ.

ಪ್ರೊಫೆಸರಿಗೆ ಎಲ್ಲ ಹೇಳಿದೆ. ಅವರು ಹಲ್ಲು ಚುಚ್ಚಿಕೊಳ್ಳುತ್ತ ಕೇಳಿದರು. "ಒಬ್ಬರ ಮೂಗಿಗೋಸ್ಕರ ನಾಲ್ಕು ಚಿಮಣಿ ನಿಲ್ಲಿಸ್ತಾರಾ? ಅವರಾಗೇ ಇಲ್ಲ ಅಂತ ಬರೆದುಕೊಟ್ಟಿದ್ದಾರಲ್ಲ" ಅಂದರು. ಚುಚ್ಚಿದ ಕಡ್ಡಿಯನ್ನು ನನ್ನ ಲೆಕ್ಕದ ಹಾಳೆಯ ಮೇಲೇ ಇಟ್ಟರು. ಆ ಕಡ್ಡಿ ನೋಡುತ್ತ ನನಗೆ ಹೇಸಿಗೆಯಾಯಿತು. ಅದು ಕಡ್ಡಿಯ ಮೇಲಲ್ಲ, ನನ್ನ ಮೇಲೇ ಎಂದು ಆಮೇಲೆ ಗೊತ್ತಾಯಿತು.

ನಿಮ್ಮ ಕಂಪನಿಗೆ ಎರಡು ಸಲ ಬರೆದೆ. ಸಭೆಯಲ್ಲಿ ನಾನೇ ತೋರಿಸಿದ ನಿನ್ನ ಸಾಲನ್ನು ನನಗೇ ವಾಪಸು ಕಳಿಸಿದರು. ಆದ್ದರಿಂದ ನಾನೇ ಬರುತ್ತಿದ್ದೇನೆ. ನಿನ್ನ ಮನೆಯಲ್ಲಿ ಜಾಗ ಇಲ್ಲ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.

ಚೂಟಿ

ಸೆಪ್ಟೆಂಬರ್ 14

ಚೂಟಿಗೆ,

ನೀನು ವಾಪಸು ಊರು ತಲುಪಿದ ಸುದ್ದಿ ಅಮ್ಮನಿಂದ ತಿಳಿಯಿತು. ನಾಲ್ಕು ದಿನ ಒಂದೇ ಮನೆಯಲ್ಲಿದ್ದು ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ಮತ್ತೆ ಕಾಗದವೇ ಗತಿ.

ನೀನು ಹೋದ ಮೇಲಿನ ಸಂಗತಿ ಹೇಳುತ್ತೇನೆ. ಲೆಕ್ಕ ತಪ್ಪು ಎಂದು ನೀನು ಬರೆದುಕೊಟ್ಟ ಮೇಲೆ ಎರಡನೇ ಚಿಮಣಿಯ ತೆಳು ಜಾಲರಿ ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ಮೊದಲನೆಯದಕ್ಕೆ ದಪ್ಪ ಪದರ ವಾಪಸು ಹಾಕಿದ್ದೇವೆ. ಹಿಡಿಯುವ ಅನಿಲ ಕಡಿಮೆಯಾಗಿದೆ, ಮ್ಯಾನೇಜರ ಮುಖ ಹರಳೆಣ್ಣೆ ಕುಡಿದ ಹಾಗಿದೆ. ಮೂರನೇ ಮೀಟರ್ ಬಂದಿದೆ. ಕಿರುಚಲಿಲ್ಲ. ಗುಡಿಸುವ ಹೆಂಗಸು ಯಂತ್ರದ ಸುತ್ತ ಗುಡಿಸುತ್ತಾಳೆ, ನನ್ನ ಜೊತೆ ಮಾತಿಲ್ಲ. ನಿನ್ನ ಕೆಲಸ ಹೋಯಿತೆಂದು ಅಮ್ಮ ಅತ್ತಳು. ನಾನು ಅಳಲಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿದಿದೆ ಎಂದು ಸುಳ್ಳು ಬರೆಯುವುದಿಲ್ಲ.

ಆದರೆ ನೀನು ಬಸ್ಸಿಳಿದು ನೇರ ಕಾರ್ಖಾನೆಗೆ ಬಂದ ಬೆಳಿಗ್ಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಗೇಟಿನಲ್ಲಿ ಮಾಸ್ಕ್ ಕೊಟ್ಟರೆ ನೀನು, "ಬೇಡ, ಮೊದಲು ನಾನು ಮೂಸಬೇಕು" ಅಂದೆ. ಮ್ಯಾನೇಜರು ಬಾಯಲ್ಲಿ ಪೆಪ್ಪರ್‌ಮೆಂಟ್ ಹಾಕಿಕೊಂಡು ನಿಂತಿದ್ದರು. ನೀನು ಹೊರಬಾಯಿಗೆ ಬಗ್ಗಿದೆ, ಎದ್ದೆ, ಅವರ ಪಾಲಿಶ್ ಮಾಡಿದ ಬೂಟಿನ ಮೇಲೆ ಬಸ್ಸಿನಲ್ಲಿ ತಿಂದದ್ದನ್ನೆಲ್ಲ ವಾಂತಿ ಮಾಡಿದೆ. "ಪ್ರಯಾಣದ ಆಯಾಸಾನಾ?" ಅಂದರು ಆ ಮನುಷ್ಯ. ನೀನು ಬಾಯಿ ಒರೆಸಿಕೊಂಡು, "ಇದು ನನ್ನ ಲೆಕ್ಕ, ತಪ್ಪು ಲೆಕ್ಕ. ನನ್ನ ಹೆಸರಲ್ಲೇ ಬರ್ಕೊಳ್ಳಿ, ಈಗಲೇ ನಿಲ್ಲಿಸಿ" ಅಂದೆ. ಮತ್ತೆ ಬಗ್ಗಿದೆ. ನಾನು ನಿನ್ನ ಜಡೆ ಹಿಡಿದುಕೊಂಡು ಬೆನ್ನು ನೀವುತ್ತಿದ್ದೆ. ನಿಜ ಹೇಳಲೆ? ನನಗೆ ಹೊಟ್ಟೆಕಿಚ್ಚಾಯಿತು. ಪಕ್ಕದಲ್ಲೇ ನಿಂತವಳು ಅಷ್ಟು ಚೆನ್ನಾಗಿ ಅಸಹ್ಯ ಪಡುತ್ತಿದ್ದಾಳೆ, ನಾನು ಮಾತ್ರ ಮರದ ಕೊರಡಿನ ಹಾಗೆ ನಿಂತಿದ್ದೇನೆ.

ಡಾಕ್ಟರು, ಮೂಗು ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು ಎನ್ನುತ್ತಾರೆ. ಮಗಳು ಈಗ ನನ್ನ ಪಕ್ಕ ಕೂತು ಊಟ ಮಾಡುತ್ತಾಳೆ. ಹಾಲು ಕಾಯಿಸುವ ಮೊದಲು ತಾನೇ ಮೂಸಿ, "ಇದೆ" ಅಥವಾ "ಇಲ್ಲ" ಎಂದು ಹೇಳುತ್ತಾಳೆ. ನಿನ್ನ ಭಾವನ ದಿಂಬು ಕೋಣೆಗೆ ಬಂದಿದೆ. ಆ ದಿಂಬಿಗೆ ಏನು ವಾಸನೆಯೋ ನನಗೆ ಗೊತ್ತಿಲ್ಲ.

ಅವತ್ತು ನೀನು ವಾಂತಿ ಮುಗಿಸಿ ಕಟ್ಟೆಯ ಮೇಲೆ ಕೂತಾಗ ನಾನು, "ಹೇಗಿದೆ?" ಎಂದು ಕೇಳಿದೆ. ನೀನು, "ಮೊದಲನೇ ಕಾಗದದಲ್ಲಿ ಬರೆದಿದ್ದೆಯಲ್ಲ ಅಕ್ಕ, ಹಾಗೇ ಇದೆ. ಒಂದಕ್ಷರ ಹೆಚ್ಚು ಬರೆದಿರಲಿಲ್ಲ ನೀನು" ಎಂದು ಅತ್ತೆ. ನಾನು ಗೊತ್ತಿರುವವಳ ಹಾಗೆ ತಲೆಯಾಡಿಸಿದೆ. ಏನು ಬರೆದಿದ್ದೆನೋ ನನಗೆ ನೆನಪಿರಲಿಲ್ಲ. ಮೀನು ಎಂದು ಬರೆದಿದ್ದೆ ಎನ್ನುವುದು ಗೊತ್ತು, ಆದರೆ ಮೀನು ಹೇಗೆ ನಾರುತ್ತದೆ ಎಂದು ಯೋಚಿಸಿದರೆ ಏನೂ ಬರುವುದಿಲ್ಲ.

ನೀನು ನಕ್ಕು ಎಸೆದಿಲ್ಲದಿದ್ದರೆ ಆ ಕಾಗದವನ್ನು ನನಗೆ ವಾಪಸು ಕಳಿಸು. ಓದಿಯಾದರೂ ನೋಡುತ್ತೇನೆ.

ಅಕ್ಕ